ಬಿಸಿ ಟೈರಿನ ಅಳತೆ

ಸರಕು ಲಾರಿಗಳ ಆ ಡಿಪೋದಲ್ಲಿ ಟೈರು ನೋಡುವವನಿಗೆ ಡ್ರೈವರುಗಳು ಇಟ್ಟ ಹೆಸರು ತಣ್ಣಪ್ಪ. ಓಡಿ ಬಂದ ಟೈರು ಪೂರ್ತಿ ತಣ್ಣಗಾಗದೆ ಗಾಳಿ ಅಳೆಯಬಾರದು ಎಂಬ ನಿಯಮಕ್ಕೆ ಇಪ್ಪತ್ತೆರಡು ವರ್ಷ ಉಡದ ಪಟ್ಟು ಹಿಡಿದಿದ್ದ ಆಸಾಮಿ. ಟೈರು ಬಿಸಿಯಾಗಿದ್ದರೆ ಒಳಗಿನ ಗಾಳಿ ಹಿಗ್ಗಿ, ಕಮ್ಮಿ ಇದ್ದದ್ದನ್ನೂ ಗೇಜು ಸರಿಯೆಂದೇ ತೋರಿಸುತ್ತದೆ. ಅದನ್ನು ನಂಬಿ ಲೋಡು ಹೇರಿದರೆ ದಾರಿಯಲ್ಲಿ ಕಾದು ಸಿಡಿಯುತ್ತದೆ. ಡ್ರೈವರುಗಳು ಬೈದರೂ ಗೋಗರೆದರೂ ತಣ್ಣಪ್ಪ ಜಗ್ಗುತ್ತಿರಲಿಲ್ಲ. ಮೂರು ಗಂಟೆ ಕಾಯಬೇಕು ಎಂದರೆ ಮೂರು ಗಂಟೆ.

ಜಗ್ಗಿದ್ದು ಒಂದೇ ಸಲ, ಅದೂ ಅಕ್ಕನ ಗಂಡನಿಗಾಗಿ. ಭಾವ ಅದೇ ಡಿಪೋದ ಡ್ರೈವರು. ಸಂಜೆ ಮಗಳ ಶಾಲೆಯಲ್ಲಿ ನಾಟಕವಿದೆ, ಅಷ್ಟರೊಳಗೆ ಲೋಡು ಇಳಿಸಿ ಬರಬೇಕು, ಬೇಗ ಲಾರಿ ಬಿಟ್ಟುಕೊಡು ಎಂದು ದುಂಬಾಲು ಬಿದ್ದ. ಇನ್ನೊಬ್ಬ ಡ್ರೈವರು ಆಗತಾನೇ ತಂದು ನಿಲ್ಲಿಸಿದ್ದ ಲಾರಿ ಅದು. ಎಷ್ಟು ಹೊತ್ತಿಗೆ ಬಂತೆಂದು ಭಾವ ಕೇಳಲಿಲ್ಲ, ತಣ್ಣಪ್ಪ ಹೇಳಲೂ ಇಲ್ಲ. ಭಾವ ಕಾಗದಪತ್ರ ತರಲು ಒಳಗೆ ಹೋದಾಗ, ಕೈ ಇಟ್ಟರೆ ಸುಡುವ ಟೈರುಗಳಿಗೇ ಗೇಜು ಒತ್ತಿದ. ತಣ್ಣಗಿದ್ದಾಗ ಅಳೆದದ್ದು ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದ.

ಸೇತುವೆಯ ಇಳಿಜಾರಿನಲ್ಲಿ ಮುಂದಿನ ಟೈರು ಸಿಡಿದು ಲಾರಿ ಮಗುಚಿತು. ಭಾವನ ಕಾಲು ಮುರಿಯಿತು. ವಿಚಾರಣೆಗೆ ಬಂದ ಅಧಿಕಾರಿ ಪುಸ್ತಕ ತಿರುವಿ, ತಣ್ಣಪ್ಪನ ಸಹಿ ಇದ್ದ ಮೇಲೆ ಟೈರಿನ ಮಾತೇ ಇಲ್ಲ, ಓಡಿಸಿದವನದೇ ತಪ್ಪು ಎಂದ. ಭಾವನನ್ನು ಕೆಲಸದಿಂದ ತೆಗೆದರು.

ತಣ್ಣಪ್ಪ ತುಟಿ ಪಿಟಕ್ಕೆನ್ನಲಿಲ್ಲ. ನಿಜ ಹೇಳಿದರೆ ಕೆಲಸ ಹೋಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಹೆಸರು ಹೋಗುತ್ತಿತ್ತು. ಅದರ ಬದಲು ದಿನಾ ಸಂಜೆ ಹಣ್ಣು ಹಿಡಿದು ಅಕ್ಕನ ಮನೆಗೆ ಹೋದ. ಭಾವನ ಕಾಲಿಗೆ ದಿಂಬು ಕೊಟ್ಟ, ಔಷಧಿ ತಂದ. ಹೇಳಬೇಕಾದ ಒಂದು ಮಾತು ಬಿಟ್ಟು ಉಳಿದೆಲ್ಲ ಮಾಡಿದ ಪುಣ್ಯಾತ್ಮ. ಇಂಥ ತಮ್ಮ ಯಾರಿಗೆ ಸಿಗುತ್ತಾನೆ ಎಂದು ಅಕ್ಕ ನೆರೆಮನೆಯವರ ಮುಂದೆ ಹೊಗಳಿದಾಗ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸುತ್ತಿತ್ತು. ಭಾವನದಂತೂ ಒಂದೇ ರಾಗ. ಕಣ್ಣು ಎಳೆದಿತ್ತೇನೋ, ಬ್ರೇಕು ಒತ್ತುವುದು ತಡವಾಯಿತೇನೋ.

ಎರಡು ತಿಂಗಳಾದ ಮೇಲೆ, ಇನ್ನು ಜನ್ಮದಲ್ಲಿ ಸ್ಟೇರಿಂಗ್ ಮುಟ್ಟುವುದಿಲ್ಲ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ ಎಂದು ಭಾವ ಮಗಳ ಎದುರೇ ಅತ್ತುಬಿಟ್ಟ. ತಣ್ಣಪ್ಪನಿಗೆ ಇನ್ನು ತಡೆಯಲಾಗಲಿಲ್ಲ.

“ಭಾವ, ತಪ್ಪು ನಿಮ್ದಲ್ಲ. ಟೈರು ಬಿಸಿ ಇದ್ದಾಗ್ಲೇ ಅಳೆದು, ತಣ್ಣಗಿತ್ತು ಅಂತ ಬರೆದೆ. ನಾಳೆ ಆಫೀಸಿಗೆ ಹೋಗಿ ಹೇಳ್ತೀನಿ.”

ಭಾವ ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದ.

“ಅವಸರ ಮಾಡಿದ್ದು ನಾನೇ, ಅದಕ್ಕೆ ನಿನ್ನ ಬೈಯಲ್ಲ. ಆದ್ರೆ ನೀನು ಎರಡು ತಿಂಗ್ಳು ದಿನಾ ಬಂದು ಇಲ್ಲೇ ಕೂತಿದ್ದೆ. ನನ್ನನ್ನ ನಾನೇ ಶಪಿಸ್ಕೊಳ್ಳೋದನ್ನ ಕೇಳ್ತಾ ಕೂತಿದ್ದೆ.”

ಮಾರನೆಯ ದಿನ ತಣ್ಣಪ್ಪ ಆಫೀಸಿನಲ್ಲಿ ಎಲ್ಲ ಹೇಳಿ ಕೆಲಸ ಕಳೆದುಕೊಂಡ. ಕಾಲು ನೆಟ್ಟಗಾದ ಮೇಲೆ ಭಾವನಿಗೆ ಲಾರಿ ವಾಪಸು ಸಿಕ್ಕಿತು. ಅಕ್ಕನ ಮನೆಗೆ ಮಾತ್ರ ತಣ್ಣಪ್ಪ ಈಗ ಹೋಗುವುದಿಲ್ಲ. ಬರಬೇಡ ಎಂದು ಅಲ್ಲಿ ಯಾರೂ ಹೇಳಿಲ್ಲ, ಯಾಕೆ ಬರಲಿಲ್ಲ ಎಂದೂ ಯಾರೂ ಕೇಳಿಲ್ಲ.