ಹದಿನೆಂಟನೇ ಗಂಟೆಯ ಗೆರೆ

ಬೆಳಗಿನ ಐದೂವರೆ. ಕಾಲೇಜಿನ ಜೀವಶಾಸ್ತ್ರ ವಿಭಾಗದಲ್ಲಿ ಒಂದೇ ದೀಪ ಉರಿಯುತ್ತಿದೆ. ಮೊಟ್ಟೆ ಕೋಣೆಯ ಬೀಗ ತೆಗೆದ ಅಟೆಂಡರ್ ಅಕ್ಕ ನೇರ ಕಾವುಪೆಟ್ಟಿಗೆಯತ್ತ ನುಗ್ಗುತ್ತಾರೆ. ಥರ್ಮಾಮೀಟರು ಮೂವತ್ತೆಂಟು ತೋರಿಸಬೇಕಿತ್ತು, ಮೂವತ್ನಾಲ್ಕು ತೋರಿಸುತ್ತಿದೆ.

"ಅಯ್ಯಯ್ಯೋ, ಕೆಟ್ಟೆ!"

ಬಾಗಿಲ ಸಂದಿಯಲ್ಲಿ ಒರೆಸುವ ಬಟ್ಟೆಯ ತುದಿ ಸಿಕ್ಕಿಕೊಂಡಿದೆ. ನಿನ್ನೆ ಸಂಜೆ ಒಳಗಿನ ನೀರಿನ ತಟ್ಟೆ ತುಂಬಿಸಿ ಅವಸರದಲ್ಲಿ ಬಾಗಿಲು ದೂಡಿದವರು ಅವರೇ. ಬಟ್ಟೆ ಎಳೆದು ಬಾಗಿಲು ಒತ್ತಿ ಹಾಕುತ್ತಾರೆ. ಶಾಖ ಯಾವಾಗ ಇಳಿಯಿತೋ ಯಾರಿಗೂ ಗೊತ್ತಿಲ್ಲ.

ಇವತ್ತು ಒಂಬತ್ತಕ್ಕೆ ಪ್ರಾಯೋಗಿಕ ಪರೀಕ್ಷೆ. ಇಪ್ಪತ್ನಾಲ್ಕು ವಿದ್ಯಾರ್ಥಿಗಳು ತಲಾ ಒಂದು ಕೋಳಿಮೊಟ್ಟೆ ಒಡೆದು, ಹದಿನೆಂಟು ಗಂಟೆಯ ಭ್ರೂಣದ ಮೇಲೆ ಮೂಡುವ ಗೆರೆಯನ್ನು ತೋರಿಸಬೇಕು. ಹೋದ ವರ್ಷ ಕರೆಂಟು ಕೈಕೊಟ್ಟು ಗೆರೆ ಮೂಡಲಿಲ್ಲ. "ಇನ್ನೊಂದು ಸಲ ಹೀಗಾದರೆ ಮೊಟ್ಟೆ ಸಾಕು, ಪ್ಲಾಸ್ಟಿಕ್ ಮಾದರಿ ತರಿಸೋಣ" ಎಂದಿದ್ದಾರೆ ವಿಭಾಗದ ಮುಖ್ಯಸ್ಥರು. ಹಾಗಾದರೆ ಈ ಕೋಣೆಗೆ ಬೀಗ, ಅಕ್ಕನಿಗೆ ಸ್ಟೋರ್ ರೂಮು.

ಕೋಣೆಯಲ್ಲಿರುವುದು ಒಂದೇ ಸ್ಟೂಲು. ಅಕ್ಕನ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಅವರ ಜೊತೆಗೇ ಬಂದ ನಾನು ಅದರ ಮೇಲೆ ಕೂತಿದ್ದೇನೆ. ಅಕ್ಕ ಕಿಟಕಿಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಗಡಿಯಾರಕ್ಕೆ ಓಡಾಡುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು! "ಮೂರು ಹೆತ್ತಾಗಲೂ ಇವಳು ಇಷ್ಟು ಒದ್ದಾಡಿರಲಿಲ್ಲ" ಎಂದು ಅವರ ಗಂಡ, ಟೈಲರ್, ನಿನ್ನೆಯೇ ನನಗೆ ಹೇಳಿದ್ದರು. ನಾನು ನಕ್ಕಿದ್ದೆ. ಈಗ ನನಗೂ ಕೂರಲಾಗುತ್ತಿಲ್ಲ.

ಹದಿನಾರು ವರ್ಷದ ಹಿಂದೆ ಕಸ ಗುಡಿಸಲು ಬಂದವರು ಇವರು. ಮೊಟ್ಟೆ ಕೋಣೆ ಕೈಗೆ ಬಂದ ಮೊದಲ ತಿಂಗಳೇ ಎಡವಟ್ಟು. ತಣ್ಣನೆಯ ಮೊಟ್ಟೆಗಳನ್ನು ಫ್ರಿಜ್ಜಿನಿಂದ ನೇರವಾಗಿ ಕಾವಿಗಿಟ್ಟು, ಆ ಕ್ಷಣದಿಂದಲೇ ಗಂಟೆ ಎಣಿಸಿದರು. ಮರುದಿನ ಗೆರೆ ಅರ್ಧಕ್ಕೇ ನಿಂತಿತ್ತು. "ಮೊಟ್ಟೆ ಬೆಚ್ಚಗಾದಮೇಲೆ ತಾನೇ ಅದರ ಗಂಟೆ ಶುರು? ಯಾರೂ ಹೇಳಿಕೊಡಲಿಲ್ಲ, ಬೈಸಿಕೊಂಡು ಕಲಿತೆ." ಅಂದಿನಿಂದ ಎರಡು ತಾಸು ಹೊರಗಿಟ್ಟೇ ಒಳಗಿಡುತ್ತಾರೆ. ಪರೀಕ್ಷೆಗೆ ಮೂವತ್ತಾರು ಮೊಟ್ಟೆ. ಕೆಲವು ಬಂಜೆ ಇರುತ್ತವೆ, ಒಂದೆರಡು ಒಡೆಯುತ್ತವೆ. ಭ್ರೂಣ ಯಾವ ಕಡೆ ತೇಲುತ್ತದೆಂದು ತಿಳಿಯಲು ಎಲ್ಲದರ ನೆತ್ತಿಯ ಮೇಲೂ ಪೆನ್ಸಿಲ್ ಗುರುತು. ನಿನ್ನೆಯವು ಒಳಗೆ ಹೋದದ್ದು ಮಧ್ಯಾಹ್ನ ಮೂರಕ್ಕೆ.

ಆ ಗೆರೆಯಲ್ಲಿ ಅಂಥದ್ದೇನಿದೆ ಎಂದು ಕೇಳುತ್ತೇನೆ.

"ಮೊದಲು ಒಂದು ತೆಳು ಬಿಲ್ಲೆ, ಅಷ್ಟೇ. ಆಮೇಲೆ ನಡುವೆ ಗೆರೆ ಬೀಳುತ್ತೆ. ಅಲ್ಲಿಂದ ಜೀವಕಣಗಳು ಒಂದೊಂದಾಗಿ ಒಳಗೆ ಇಳೀತವೆ. ತಳಕ್ಕೆ ಹೋದವು ಕರುಳು, ಶ್ವಾಸಕೋಶದ ಒಳಮೈ ಆಗ್ತವೆ. ನಡುವೆ ನಿಂತವು ಎಲುಬು, ಮಾಂಸ, ರಕ್ತ, ಹೃದಯ. ಇಳಿಯದೆ ಮೇಲೇ ಉಳಿದವು ಚರ್ಮ, ಮಿದುಳು. ಮೂರೇ ಪದರ. ನೀವೂ ಅಷ್ಟೇ, ನಾನೂ ಅಷ್ಟೇ."

ಏಳು ಗಂಟೆ. ಹೆಚ್ಚುವರಿ ಮೊಟ್ಟೆಯೊಂದನ್ನು ಒಡೆದು ಬೆಚ್ಚಗಿನ ಉಪ್ಪುನೀರಿಗೆ ಬಿಡುತ್ತಾರೆ. ಭೂತಗನ್ನಡಿ ಹಿಡಿದು ಬಗ್ಗುತ್ತಾರೆ. ಈ ಹೊತ್ತಿಗೆ ನಡುವನ್ನು ದಾಟಬೇಕಿದ್ದ ಗೆರೆ ಬಿಲ್ಲೆಯ ಅಂಚಿನಲ್ಲಿ ಮೊಂಡಾಗಿ ನಿಂತಿದೆ.

"ಎರಡು ಗಂಟೆ ಹಿಂದೆ ಬಿದ್ದಿವೆ. ಸತ್ತಿಲ್ಲ. ಸದ್ಯ!"

ಎಂಟೂವರೆಗೆ ಮುಖ್ಯಸ್ಥರು ಬರುತ್ತಾರೆ. ತಪ್ಪನ್ನು ಕರೆಂಟಿನ ಮೇಲೆ ಹಾಕಿದರೆ ಯಾರು ತಾನೇ ವಿಚಾರಿಸುತ್ತಾರೆ? ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅಕ್ಕ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಾರೆ.

"ಸರ್, ಬಾಗಿಲು ಸರಿಯಾಗಿ ಹಾಕದೇ ಇದ್ದಿದ್ದು ನಾನು. ಒಂಬತ್ತಕ್ಕೆ ಒಡೆದ್ರೆ ಗೆರೆ ಅರ್ಧಕ್ಕೇ ಇರುತ್ತೆ. ಹನ್ನೊಂದಕ್ಕೆ ಪೂರ್ತಿ ಸಿಗುತ್ತೆ. ಮಾಡಿದ್ದುಣ್ಣೋ ಮಹರಾಯ ಅಂತ ನನ್ನ ಸ್ಟೋರಿಗೆ ಹಾಕಿ ಸರ್, ಮಕ್ಕಳ ಪರೀಕ್ಷೆ ಮಾತ್ರ ಕೆಡಿಸಬೇಡಿ."

"ಹನ್ನೊಂದಕ್ಕೆ ಸಿಗುತ್ತೆ ಅಂತ ಏನ್ ಗ್ಯಾರಂಟಿ?"

"ಏಳಕ್ಕೆ ಒಂದು ಒಡೆದು, ಮೊಟ್ಟೆನೇ ಕೇಳಿದೀನಿ ಸರ್."

ಮುಖ್ಯಸ್ಥರು ಮುಖ ಗಂಟಿಕ್ಕಿಕೊಂಡೇ ಪರೀಕ್ಷೆಯನ್ನು ಹನ್ನೊಂದಕ್ಕೆ ಮುಂದೂಡುತ್ತಾರೆ. ಆ ಎರಡೂವರೆ ಗಂಟೆ ಅಕ್ಕ ಒಂದು ಗುಟುಕು ಚಹಾ ಕುಡಿಯುವುದಿಲ್ಲ. ಇನ್ನೊಂದು ಮೊಟ್ಟೆ ಒಡೆದು ನೋಡೋಣವೆಂದರೆ ಬಾಗಿಲು ತೆರೆಯಬೇಕು, ತೆರೆದರೆ ಮತ್ತೆ ಶಾಖ ಇಳಿಯುತ್ತದೆ. ಬೆರಳು ಹಿಡಿಕೆಯ ತನಕ ಹೋಗಿ ಹೋಗಿ ವಾಪಸು ಬರುತ್ತದೆ.

ಹನ್ನೊಂದು ಗಂಟೆಗೆ ಮೊದಲ ಬೆಂಚಿನ ಹುಡುಗಿ ಮೈಕ್ರೋಸ್ಕೋಪಿನಿಂದ ತಲೆ ಎತ್ತಿ, "ಬಂದಿದೆ!" ಎನ್ನುತ್ತಾಳೆ. ಆಮೇಲೆ ಪಕ್ಕದ ಬೆಂಚಿನಲ್ಲಿ, ಹಿಂದಿನ ಬೆಂಚಿನಲ್ಲಿ. ಇಪ್ಪತ್ನಾಲ್ಕೂ ಬಂದಿವೆ. ಬಾಗಿಲ ಹೊರಗೆ ನಿಂತ ಅಕ್ಕನ ಕಣ್ಣು ತುಂಬಿದೆ, ಅವರು ಅದನ್ನು ಒರೆಸಿಕೊಳ್ಳುವುದಿಲ್ಲ.

ಪರೀಕ್ಷೆ ಮುಗಿಸಿ ಹೊರಬಂದ ಮುಖ್ಯಸ್ಥರು ಅವರ ಮುಂದೆ ನಿಲ್ಲುತ್ತಾರೆ. "ಮುಂದಿನ ವರ್ಷಕ್ಕೆ ಎಷ್ಟು ಮೊಟ್ಟೆ ಬರೀಲಿ? ಮೂವತ್ತಾರು ತಾನೇ?"

ಅಕ್ಕ ಒಳಗಿನ ಮೈಕ್ರೋಸ್ಕೋಪುಗಳ ಸಾಲಿನತ್ತ ನೋಡುತ್ತಾರೆ. ಹದಿನಾರು ವರ್ಷದಲ್ಲಿ ಮೈಕ್ರೋಸ್ಕೋಪಿನ ಮುಂದೆ ಅವರಿಗೆಂದು ಯಾರೂ ಕುರ್ಚಿ ಎಳೆದಿಲ್ಲವೆಂಬುದು ನನಗೆ ಆಗ ಹೊಳೆಯುತ್ತದೆ.

"ಮೂವತ್ತೇಳು ಬರೀರಿ ಸರ್," ಎನ್ನುತ್ತಾರೆ. "ಒಂದನ್ನ ನಾನೂ ಕೂತು ನೋಡ್ತೀನಿ."