ಬಾವಿಯ ಹಾಜರಿ

ನಮ್ಮ ರುದ್ರಯ್ಯ ಮೇಷ್ಟ್ರು ದಿನಾ ಬೆಳಿಗ್ಗೆ ಎರಡು ಹಾಜರಿ ತೆಗೆದುಕೊಳ್ಳುತ್ತಿದ್ದರು. ಒಂದು ನಮ್ಮದು, ಇನ್ನೊಂದು ಬಾವಿಯದು.

ಕೊತ್ತಗೆರೆ ಕಡೆಯ ನಮ್ಮೂರಲ್ಲಿ ಶಾಲೆಗೂ ಊರಿಗೂ ಒಂದೇ ಸೇದೋ ಬಾವಿ. ನಮ್ಮ ಹೆಸರುಗಳು ಮುಗಿದ ಮೇಲೆ ಮೇಷ್ಟ್ರು ಬಾವಿಯೊಳಗೆ ಬಗ್ಗಿ "ಕಪ್ಪೇ..." ಎಂದು ಕೂಗುವರು. ಒಳಗಿನಿಂದ ಅವರದೇ ದನಿ ತಿರುಗಿ ಬರುತ್ತಿತ್ತು. ಹಿಂದೆಯೇ ಕಲ್ಲುಸಂದಿಯ ಕಪ್ಪೆಗಳು ಬುಳುಕ್ ಬುಳುಕ್ ಎಂದು ನೀರಿಗೆ ಹಾರುತ್ತಿದ್ದವು. "ಹಾಜರ್" ಎಂದು ಮೇಷ್ಟ್ರು ತಲೆಯಾಡಿಸುವರು. ಬಾವಿಗೆ ಬಿದ್ದು ಸತ್ತ ಯಾರನ್ನೋ ಮಾತಾಡಿಸುತ್ತಾರೆಂದು ಊರವರು ಪಿಸುಗುಡುತ್ತಿದ್ದರು.

"ಕಪ್ಪೆ ನಮ್ಮಂಗೆ ಬಾಯಲ್ಲಿ ನೀರು ಕುಡಿಯಲ್ಲ ಕಣ್ರೋ, ಚರ್ಮದಲ್ಲೇ ಹೀರ್ತೈತೆ. ಉಸಿರೂ ಅದ್ರಲ್ಲೇ ಆಡ್ತೈತೆ. ನೀರಿಗೆ ಏನ್ ಬಿದ್ರೂ ಮೊದ್ಲು ಅದ್ಕೇ ತಟ್ಟೋದು" ಎಂದು ಮೇಷ್ಟ್ರು ನಮಗೆ ಹೇಳುತ್ತಿದ್ದರು.

ನಾನಂತೂ ಹಾಜರಿಗೆ ಬಾಯಿ ಬಿಡುತ್ತಿರಲಿಲ್ಲ. "ಸಿದ್ದಗಂಗಿ ಮೂಗಿ ಸಾ" ಎಂದು ಹುಡುಗರು ನಗುವರು. "ಕೂಗ್ದೇ ಇರೋಳೂ ಬಂದವ್ಳೆ, ಸುಮ್ನಿರ್ರೋ" ಎಂದು ಮೇಷ್ಟ್ರು ಗುರುತು ಹಾಕಿಕೊಳ್ಳುವರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಅವರು ಕೂಗಿದರು. ಅವರ ದನಿಯಷ್ಟೇ ತಿರುಗಿ ಬಂತು. ಮತ್ತೆ ಕೂಗಿದರು. ಒಂದು ಹನಿಯೂ ಅಲುಗಲಿಲ್ಲ. ಇಣುಕಿ ನೋಡಿದೆ: ನೀರ ಮೇಲೆ ಓಡಾಡುವ ಹುಳುಗಳೂ ಇರಲಿಲ್ಲ. ನೀರು ಗಾಜಿನಂತೆ ತಿಳಿಯಾಗಿತ್ತು. ಅಷ್ಟು ಚೆಂದದ ನೀರನ್ನು ನಾನು ನೋಡಿರಲಿಲ್ಲ.

ಮೇಷ್ಟ್ರು ರಾಟೆಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕಟ್ಟೆ ಮೇಲೆ ಕೂತುಬಿಟ್ಟರು. ಕೊಡ ಹಿಡಿದು ಬಂದ ಹೆಂಗಸರು ರೇಗಿದರು.

"ಏನ್ ಮೇಷ್ಟ್ರೇ, ಕಪ್ಪೆ ರಜಾ ಹಾಕುದ್ರೆ ನಾವು ಒಲೆ ಹಚ್ಬಾರ್ದಾ?"

"ಇವತ್ತೊಂದಿನ ಬ್ಯಾಡಿ ಕಣ್ರವ್ವ."

ನಮ್ಮವ್ವ ಆಗಲೇ ಒಂದು ಬಿಂದಿಗೆ ಸೇದಿಕೊಂಡು ಹೋಗಿದ್ದಳು. ಮೇಷ್ಟ್ರ ಅಂಗಿ ಹಿಡಿದು ಜಗ್ಗಿದೆ, ಅವರು ತಿರುಗಲಿಲ್ಲ. ಕೊನೆಗೆ ಕಿರುಚಿದೆ: "ಸಾ! ನಮ್ಮವ್ವ ನೀರು ತಗೊಂಡೋಗವ್ಳೆ!"

ಆ ದನಿ ಬಾವಿಯಿಂದಲೂ ಬಂತು. ಮೇಷ್ಟ್ರು ಹಗ್ಗ ಕಿತ್ತೆಸೆದು, "ಯಾರೂ ಮುಟ್ಬ್ಯಾಡಿ!" ಎಂದು ಓಡಿದರು. ಹಿಂದೆಯೇ ನಾನು. ಅವ್ವ ಚೊಂಬು ಬಾಯಿಗೆ ಎತ್ತಿದ್ದಳು. ಮೇಷ್ಟ್ರು ಅದನ್ನು ಹೊಡೆದು ಬೀಳಿಸಿದರು.

"ತಲೆ ಕೆಟ್ಟೈತಾ ನಿಮ್ಗೆ?" ಎಂದು ಅವ್ವ ಕೂಗಾಡಿದಳು.

ಮಧ್ಯಾಹ್ನದ ಹೊತ್ತಿಗೆ ಬಾವಿಯಲ್ಲಿ ಒಂದೊಂದೇ ಬಿಳಿ ಹೊಟ್ಟೆ ತೇಲಿ ಬಂತು. ಮೆಣಸಿನ ಗಿಡಕ್ಕೆ ಔಷಧಿ ಹೊಡೆದವನೊಬ್ಬ ಹಿಂದಿನ ಸಂಜೆ ಮಷೀನನ್ನು ಕಟ್ಟೆಯ ಮೇಲೇ ತೊಳೆದಿದ್ದನಂತೆ. ಅವ್ವ ಅಂದಿನಿಂದ ಮೇಷ್ಟ್ರು ಎದುರಾದರೆ ಸೆರಗು ಹೊದ್ದು ಕೈಮುಗಿಯುತ್ತಿದ್ದಳು.

ಆಮೇಲೆ ಅವರಿಗೆ ಗುಬ್ಬಿಗೆ ವರ್ಗವಾಯಿತು. ನಾನು ಮದುವೆಯಾಗಿ ತುಮಕೂರಿಗೆ ಬಂದೆ. ಎಂಬತ್ತರ ದಶಕದ ಕೊನೆಯಲ್ಲಿ, ಅವರು ಉಪ್ಪಾರಹಳ್ಳಿಯ ಮಗಳ ಮನೆಯಲ್ಲಿದ್ದಾರೆಂದು ಕೇಳಿ ಹೋದೆ. "ಅಪ್ಪಂಗೆ ಕಣ್ಣು ಕಾಣಲ್ಲ, ಯಾರು ಅಂತ ಹೇಳಿ" ಎಂದಳು ಮಗಳು. ನಾನು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತೆ.

ಮೇಷ್ಟ್ರು ನನ್ನತ್ತ ಮುಖ ತಿರುಗಿಸಿದರು. "ಸಿದ್ದಗಂಗಿ ಅಲ್ವೇನಮ್ಮ? ಬಂದು ಸುಮ್ನೆ ನಿಂತ್ಕಳೋಳು ಅವಳೊಬ್ಳೇ."

ಮಗಳು ನನಗೆ ಒಂದು ಲೋಟ ನೀರು ತಂದುಕೊಟ್ಟಳು. ಮೇಷ್ಟ್ರು ಗೋಡೆ ಹಿಡಿದು ಅಂಗಳಕ್ಕೆ ನಡೆದು, ಸಂಪಿನ ಮುಚ್ಚಳ ತೆಗೆಸಿ, ಆ ಕತ್ತಲೆಗೆ ಬಗ್ಗಿದರು.

"ಕಪ್ಪೇ..."

ಅವರದೇ ದನಿ ತಿರುಗಿ ಬಂತು. ಅವರು ಕಿವಿಯೊಡ್ಡಿ ಕಾದರು. ನಾನೂ ಕಾದೆ, ಲೋಟ ಕೈಯಲ್ಲೇ ಹಿಡಿದು.