ನನ್ನ ತಂಗಿ ಕಟ್ಟಿದ ಬಾಸಿಂಗ

ಬಾಸಿಂಗ ಕಟ್ಟು ಎಂದು ಅವಳಿಗೆ ಹೇಳಿದವನು ನಾನೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಆದದ್ದನ್ನು ಓದಿ ಯಾರಾದರೂ, ಪಾಪ, ಹಳೇ ಕಾಲದ ಮುದುಕ, ಅವನಿಗೆ ತಿಳಿಯಲಿಲ್ಲ ಎಂದು ನನ್ನ ಪರ ವಹಿಸುವುದು ಬೇಡ. ನನಗೆ ತಿಳಿದಿತ್ತು.

ಅವಳು ನನ್ನ ತಂಗಿ, ನನಗಿಂತ ಆರು ವರ್ಷ ಚಿಕ್ಕವಳು. ಇಪ್ಪತ್ತಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದಳು. ಬೆಳಗಾವಿಯ ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಾನಾಗ ಖಾನಾಪುರ ಬಸ್ಸಿನಲ್ಲಿ ಕಂಡಕ್ಟರ್. ಮ್ಯಾಟ್ರಿಕ್ ಪಾಸಾಗಿದ್ದಕ್ಕೆ ಸಿಕ್ಕ ನೌಕರಿ, ನಿವೃತ್ತಿಯವರೆಗೆ ಅದನ್ನೇ ಮಾಡಿದೆ.

ನಮ್ಮ ಅವ್ವ ಬಾಸಿಂಗ ಕಟ್ಟುವುದರಲ್ಲಿ ಹೆಸರಾದವಳು. ಕೆರೆಯ ಅಂಚಿನಲ್ಲಿ ಬೆಳೆಯುವ ಬೆಂಡಿನ ಗಿಡದ ಬಿಳಿ ತಿರುಳನ್ನು ಉಳ್ಳಾಗಡ್ಡಿಯ ಒಳಸಿಪ್ಪೆಯಷ್ಟು ತೆಳ್ಳಗೆ ಸೀಳಿ, ಎಸಳು ಕತ್ತರಿಸಿ, ನೂಲು ಸುತ್ತಿ ಮೊಗ್ಗು ಮಾಡುತ್ತಿದ್ದಳು. ಓಣಿಯ ಎಷ್ಟೋ ಮದುಮಕ್ಕಳ ಹಣೆಗೆ ಕಟ್ಟಿದ್ದು ಅವ್ವನ ಕೈಯ ಬಾಸಿಂಗವೇ. ತಂಗಿಗೆ ಅದೇ ಕೈ ಬಂದಿತ್ತು. ಆದರೆ ಗಂಡ ಸತ್ತ ಮೇಲೆ ಅವಳು ಮಾಲೆ ಕಟ್ಟಿದಳು, ತೋರಣ ಕಟ್ಟಿದಳು, ಗಣಪತಿ ಕೂರಿಸುವ ಮಖರ ಮಾಡಿದಳು, ಬಾಸಿಂಗ ಮಾತ್ರ ಮುಟ್ಟಲಿಲ್ಲ. ಮುಟ್ಟಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬರದಂತೆ ಕೆಲವು ಮಾತುಗಳು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದಿರುತ್ತವೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ನಾವು. ಹೆಣ್ಣು ಗಂಡು ಸಮ, ಮೈಲಿಗೆ ಎಂಬುದಿಲ್ಲ ಎಂದು ಶ್ರಾವಣದ ಪ್ರವಚನದಲ್ಲಿ ಹೇಳಿದರೆ ಮುಂದಿನ ಸಾಲಿನಲ್ಲಿ ಕುಳಿತು ತಲೆಯಾಡಿಸಿದವನು ನಾನು. ಮನೆಗೆ ಬಂದು, ಶುಭಕಾರ್ಯದ ದಿನ ತಂಗಿ ತಾನಾಗಿ ಅಡುಗೆಮನೆಗೆ ಸರಿಯುವುದನ್ನು ನಲವತ್ತು ವರ್ಷ ನೋಡಿದೆ. ಒಂದು ದಿನವೂ, ಹೊರಗೆ ಬಾ ಎನ್ನಲಿಲ್ಲ.

ನನ್ನ ಮಗ, ಸೊಸೆ ಇಬ್ಬರೂ ನೌಕರಿಯವರು. ಹೀಗಾಗಿ ಮೊಮ್ಮಗಳು ಬೆಳೆದದ್ದು ತಂಗಿಯ ಟೊಂಕದ ಮೇಲೆ. ಅವಳನ್ನು ಆಯಿ ಎಂದು ಕರೆಯುತ್ತಾಳೆ, ನಮ್ಮ ಕಡೆ ಅಜ್ಜಿಗೆ ಹಾಗೆನ್ನುವುದು. ಮೊಮ್ಮಗಳ ಮದುವೆ ನಿಶ್ಚಯವಾದಾಗ ಅವಳು ಮಂಗಲ ಕಾರ್ಯಾಲಯ ಬೇಡವೆಂದಳು. ಖಾನಾಪುರದ ಆಚೆ, ನಂದಗಡದ ಹಾದಿಯಲ್ಲಿ ನಮ್ಮದೊಂದು ಭತ್ತದ ಗದ್ದೆಯಿದೆ, ಬದುವಿನ ಮೇಲೆ ದೊಡ್ಡ ಮಾವಿನ ಮರ. ಸುಗ್ಗಿ ಮುಗಿದ ಮೇಲೆ ಅಲ್ಲೇ, ಬಯಲಿನಲ್ಲಿ ಮದುವೆ ಎಂದು ಹಟ ಹಿಡಿದಳು. ಫೋನಿನಲ್ಲಿ ಅಂಥ ಮದುವೆಗಳ ಫೋಟೋ ತೋರಿಸುತ್ತ ಆಯಿಯ ತೊಡೆಗೆ ಅಂಟಿ ಕುಳಿತಳು.

"ಎಲ್ಲಾ ಕೈಲೇ ಮಾಡಿದ್ದ ಇರಬೇಕ ಆಯಿ. ಒಂದ ಪ್ಲಾಸ್ಟಿಕ್ ಹೂ ಕಂಡ್ರ ನಾ ಹಸೀ ಮ್ಯಾಲ ಕುಂದ್ರಂಗಿಲ್ಲ."

"ಯವ್ವಾ, ಇಲ್ಲಿ ನೋಡ, ಮಂದಿ ಹುಲ್ಲಿನ ಪೆಂಡಿ ಮ್ಯಾಲ ಕುಂತಾರಲ್ಲ! ಬೀಗರನ್ನ ಹಿಂಗ ಕುಂದ್ರಿಸಿದ್ರ, ನಮ್ಮನ್ನ ದನಾ ಅಂತ ತಿಳದೀರೇನ ಅಂತಾರ."

"ಮ್ಯಾಲ ಕೌದಿ ಹಾಸೂಣು."

"ಹಂಗಾರ ಅಡ್ಡಿಯಿಲ್ಲ. ಕೌದಿ ಹೊಚ್ಚಿದ ದನಾ ಆಕ್ಕಾರ."

ದೀಪಾವಳಿಯಿಂದಲೇ ತಯಾರಿ ಶುರುವಾಯಿತು. ತಂಗಿ ಹೇಳಿದಂತೆ ಗದ್ದೆಯ ಬದುವಿನುದ್ದಕ್ಕೂ ಚೆಂಡುಹೂವಿನ ಅಗೆ ಹಚ್ಚಿದೆ. ವಾರಕ್ಕೆರಡು ಸಲ ಬಸ್ಸು ಹತ್ತಿ ಹೋಗಿ ನೀರು ಹಾಕಿ ಬಂದೆ. ಕೊಯ್ಲಿನಲ್ಲಿ ಒಳ್ಳೆಯ ತೆನೆಗಳನ್ನು ಅವಳು ಬೇರೆ ತೆಗೆಸಿಟ್ಟಳು. ಅವನ್ನು ಜಡೆಯಂತೆ ಹೆಣೆದು ಮೂವತ್ತು ಮಾರು ತೋರಣ ಮಾಡಿದಳು. ಖಾನಾಪುರದ ಕುಂಬಾರರಿಂದ ಅಂಗೈ ಅಗಲದ ಗಡಿಗೆಗಳನ್ನು ತರಿಸಿ, ಹಗ್ಗ ಕಟ್ಟಿ, ಮಾವಿನ ಕೊಂಬೆಗಳಿಂದ ತೂಗುಬಿಡುವ ಲೆಕ್ಕ ಹಾಕಿದಳು. ಹೂವಿನ ವಿಷಯದಲ್ಲಿ ಅವಳ ಮಾತೇ ಕೊನೆ. ಮೊಮ್ಮಗಳು ಹಂದರದ ತುಂಬ ಮಲ್ಲಿಗೆ ಎಂದರೆ ಇವಳು, "ಬಯಲಾಗ ಮಲ್ಲಿಗಿ ಹತ್ತ ಗಂಟೇಕ ಕಣ್ಣ ಮುಚ್ಚತೈತಿ. ಬಿಸಲಿಗೆ ಅಬ್ಬಲಿಗಿ, ಶ್ಯಾವಂತಿಗಿ ಹಾಕೂಣು. ಮಲ್ಲಿಗಿ ನಿನ್ನ ತಲಿಗಿಷ್ಟ, ಅದೂ ನೆರಳಾಗ ಕುಂತ ಮ್ಯಾಲ" ಎನ್ನುವಳು.

ಒಂದು ಮಧ್ಯಾಹ್ನ ಮೊಮ್ಮಗಳು ಸಹಜವಾಗಿ ಹೇಳಿದಳು: "ಬಾಸಿಂಗಾನೂ ನೀನ ಕಟ್ಟ ಆಯಿ."

ತಂಗಿಯ ಕೈಯಲ್ಲಿದ್ದ ತೆನೆ ಹಾಗೇ ನಿಂತಿತು. ಅವಳು ಹುಡುಗಿಯ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ನಾನು ಕಾಫಿ ಕುಡಿಯುತ್ತಿದ್ದೆ. ಆ ಹೊತ್ತಿಗೆ ನನಗೆ ನನ್ನ ಮೇಲೇ ಬಹಳ ಅಭಿಮಾನ ಬಂತು.

"ಕಟ್ಟ ತಂಗೀ. ಯಾರ ಏನ ಅಂತಾರ? ನಾ ಅದೇನಿ."

"ಖರೇ ಹೇಳತೀಯೇನ ಅಣ್ಣಾ? ಆಮ್ಯಾಲ ತಿರಗಬ್ಯಾಡ ಮತ್ತ."

"ತಿರಗಂಗಿಲ್ಲ."

ಅವತ್ತು ಸಂಜೆಯೇ ಅವಳು ಕನ್ನಡಕದ ಗಾಜು ಬದಲಿಸಿಕೊಂಡು ಬಂದಳು. ಒಂದು ತಿಂಗಳು, ಮಧ್ಯಾಹ್ನದ ಬೆಳಕು ಇರುವಷ್ಟು ಹೊತ್ತು, ಕಿಟಕಿಯ ಬಳಿ ಕುಳಿತು ಬೆಂಡು ಸೀಳಿದಳು. ನಲವತ್ತು ವರ್ಷ ಬಿಟ್ಟ ಕೆಲಸ, ಎರಡು ಸಲ ಪೂರಾ ಬಿಚ್ಚಿ ಮೊದಲಿನಿಂದ ಕಟ್ಟಿದಳು. ನಾವು ಹತ್ತಿರ ಹೋದರೆ ಸೆರಗು ಮುಚ್ಚುವಳು. ಮದುವೆಯ ದಿನದವರೆಗೆ ಮೊಮ್ಮಗಳಿಗೂ ತೋರಿಸುವುದಿಲ್ಲವೆಂದು ಹಟ. ಅರವತ್ತೇಳರ ಹೆಂಗಸು ಹೊಸ ಗೊಂಬೆ ಬಚ್ಚಿಟ್ಟ ಹುಡುಗಿಯಂತೆ ಆಡುತ್ತಿದ್ದಳು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ಅವಳ ಮದುವೆಗೆ ಮುಂಚೆ ನೋಡಿದ್ದೆ, ಆಮೇಲೆ ನೋಡಿರಲಿಲ್ಲ.

ಮದುವೆಗೆ ನಾಲ್ಕು ದಿನವಿದ್ದಾಗ ಬೀಗರು ಹಂದರ ನೋಡಲು ಗದ್ದೆಗೆ ಬಂದರು. ಬೆಳಗಾವಿಯದೇ ಸದಾಶಿವನಗರದ ಮನೆತನ, ಒಳ್ಳೆಯ ಜನ. ವರನ ಅಜ್ಜಿ ಕೋಲೂರಿಕೊಂಡು ತೆನೆಯ ತೋರಣವನ್ನು ಮುಟ್ಟಿ ಮುಟ್ಟಿ ನೋಡಿದರು. ಗಡಿಗೆಗಳನ್ನು ಕಂಡು ನಕ್ಕು, "ಇದೇನ್ರಿ, ಮಾವಿನ ಗಿಡಕ್ಕ ಗಡಗಿ ಬಿಟ್ಟಾವಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಬಾಸಿಂಗಾ ಯಾರ ಕಟ್ಯಾರ್ರಿ? ನಮ್ಮ ಮನಿತನದಾಗ ಒಂದ ಪದ್ಧತಿ ಐತ್ರಿ. ಬಾಸಿಂಗ ಕಟ್ಟಿದಾಕಿನ್ನ ಹಸೀ ಮುಂದ ಕುಂದ್ರಿಸಿ, ಎಲ್ಲಾರ ಎದರಿಗೆ ಉಡಿ ತುಂಬತೇವಿ."

ತಂಗಿ ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ, ಬಿದಿರಿಗೆ ತೆನೆ ಬಿಗಿಯುತ್ತ ನಿಂತಿದ್ದಳು. ಉಡಿ ತುಂಬುವುದು ಮುತ್ತೈದೆಗೆ. ಅರಿಷಿಣ ಕುಂಕುಮದ ತಟ್ಟೆ ಹಿಡಿದು ಬಂದವರು ಅವಳ ಬರಿಯ ಹಣೆ ಕಂಡು ಗಕ್ಕನೆ ನಿಲ್ಲುವುದು, ಹೆಂಗಸರು ಒಬ್ಬರ ಮುಖ ಒಬ್ಬರು ನೋಡುವುದು, ಎಲ್ಲ ನನ್ನ ಕಣ್ಣೆದುರು ಬಂತು. ಅವಳ ಮಾನ ಕಾಯುತ್ತಿದ್ದೇನೆ ಎಂದು ಆ ಕ್ಷಣ ನನಗೆ ನಾನೇ ಹೇಳಿಕೊಂಡೆ. ಕಾಯ್ದುಕೊಂಡದ್ದು ನನ್ನದನ್ನು.

"ಪ್ಯಾಟ್ಯಾಗ ತಗೊಂಡದ್ದರೀ" ಎಂದೆ. "ರವಿವಾರ ಪ್ಯಾಟ್ಯಾಗ."

"ಹೌದ್ರಿ? ಇಷ್ಟೆಲ್ಲಾ ಕೈಲೇ ಮಾಡಿ, ಅದೊಂದ ಪ್ಯಾಟೀದು?" ಎಂದರು ಅಜ್ಜಿ.

ತಂಗಿ ತಿರುಗಿ ನೋಡಲಿಲ್ಲ. ತೆನೆ ಬಿಗಿಯುವ ಕೈಯೂ ನಿಲ್ಲಲಿಲ್ಲ. ಕೇಳಿಸಿರಲಿಕ್ಕಿಲ್ಲ ಎಂದು ಅಂದುಕೊಂಡೆ. ಗಾಳಿ ಅವಳ ಕಡೆಗೇ ಬೀಸುತ್ತಿತ್ತು.

ಸುಳ್ಳು ಹೇಳಿ ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತೇನೋ. ಆದರೆ ಮದುವೆಯ ದಿನ ನಮ್ಮ ಕಡೆಯವರೇ ಯಾರಾದರೂ, ಇದು ಆಯಿ ಕಟ್ಟಿದ್ದು ಎಂದುಬಿಟ್ಟರೆ ಎಂಬ ಹೆದರಿಕೆ ಹತ್ತಿತು. ಹಣೆಯ ಮೇಲೆ ಪೇಟೆಯದೇ ಇದ್ದರೆ ನನ್ನ ಮಾತು ಸುಳ್ಳಾಗುವುದಿಲ್ಲವೆಂದು ಮರುದಿನ ಪೇಟೆಗೆ ಹೋಗಿ ಬೆಂಡಿನದ್ದೇ ಒಂದು ಜೋಡಿ ಬಾಸಿಂಗ ತಂದೆ. ಮದುವೆಯ ಬೆಳಿಗ್ಗೆ ತಂಗಿ ತನ್ನ ಬಾಸಿಂಗಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟಳು. "ಜ್ವಾಕಿ ಅಣ್ಣಾ" ಎಂದಳು, ಅಷ್ಟೇ. ಗದ್ದೆಯ ಅಂಚಿನ ಶೆಡ್ಡಿನೊಳಗೆ ಹೋಗಿ ಬಟ್ಟೆ ಬಿಚ್ಚಿದೆ. ಅಕ್ಕಿಕಾಳಿನಷ್ಟು ಸಣ್ಣ ಮೊಗ್ಗುಗಳು, ಸಾಲು ಸಾಲಾಗಿ, ಒಂದರಂತೆ ಒಂದು. ಜರಿ ಇಲ್ಲ, ಕನ್ನಡಿಚೂರು ಇಲ್ಲ. ನಟ್ಟನಡುವೆ ಮಾತ್ರ ನಿಜವಾದ ಒಂದು ಭತ್ತದ ತೆನೆ, ಬಾಗಿದ ಹಾಗೇ ಕೂರಿಸಿದ್ದಳು. ನಮ್ಮ ಗದ್ದೆಯದೇ. ಅದನ್ನು ನೋಡಿಯೂ ನಾನು ಮತ್ತೆ ಸುತ್ತಿ ನನ್ನ ಚೀಲದಲ್ಲಿಟ್ಟೆ. ಪೇಟೆಯದನ್ನು ಬುಟ್ಟಿಯಲ್ಲಿಟ್ಟು ಹಂದರಕ್ಕೆ ಕಳಿಸಿದೆ.

ಮದುವೆ ಚೆನ್ನಾಗಿಯೇ ಆಯಿತು. ಬಂದವರೆಲ್ಲ ಹಂದರದ ಹೂವಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅಕ್ಷತೆ ಬಿದ್ದ ಮೇಲೆ ಮೊಮ್ಮಗಳು ಹಣೆಯ ಬಾಸಿಂಗ ಬಿಚ್ಚದೆಯೇ ಸೀರೆ ಎತ್ತಿ ಹಿಡಿದು ಆಯಿಯ ಹತ್ತಿರ ಓಡಿ ಬಂದಳು. ನಾನು ಅಲ್ಲೇ ನಿಂತಿದ್ದೆ.

"ಆಯಿ, ಎಷ್ಟ ಚಂದ ಕಟ್ಟೀ! ಹಣೀ ಮ್ಯಾಲ ಐತಿ ಅಂತ ಗೊತ್ತ ಆಗವಲ್ದು, ಅಷ್ಟ ಹಗರ ಐತಿ."

ತಂಗಿ ಆ ಬಾಸಿಂಗವನ್ನು ನೋಡಿದಳು. ತನ್ನ ಕೈಯ ಕೆಲಸ ಯಾವುದು, ಅಲ್ಲದ್ದು ಯಾವುದು ಎಂದು ಅವಳಿಗೆ ತಿಳಿಯಲು ಅರೆಗಳಿಗೆ ಸಾಕು. ಹುಡುಗಿಯ ಕೆನ್ನೆ ಸವರಿದಳು.

"ಹೂಂ ನನ ಕೂಸ. ಬೆಂಡ ಅಲ್ಲೇನ, ಹಗರ ಇರತೈತಿ."

ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ, ಬೈದಿದ್ದರೆ, ನಾಲ್ಕು ಮಂದಿಯ ನಡುವೆ ಅತ್ತಿದ್ದರೆ ನನಗೆ ಬದುಕಲು ಸುಲಭವಾಗುತ್ತಿತ್ತು.

ಮನೆಗೆ ಬಂದು ಬಿಳಿ ಬಟ್ಟೆಯ ಗಂಟನ್ನು ಅವಳ ಟ್ರಂಕಿನ ಮೇಲಿಟ್ಟೆ, ಕೈಗೆ ಕೊಡುವ ಧೈರ್ಯವಾಗಲಿಲ್ಲ. ಮರುದಿನ ಅದು ಅಲ್ಲಿರಲಿಲ್ಲ. ಏನು ಮಾಡಿದಳೆಂದು ನಾನು ಕೇಳಲಿಲ್ಲ. ಅವಳು ಮೊದಲಿನಂತೆಯೇ ರೊಟ್ಟಿ ಬಡಿದಳು, ಪೂಜೆಗೆ ಹೂ ಏರಿಸಿದಳು, ಓಣಿಯ ಹೆಂಗಸರ ಜೊತೆ ನಕ್ಕಳು. ಒಂದೇ ಒಂದು ಬದಲಾಯಿತು. ಊಟಕ್ಕೆ ಕುಳಿತಾಗ ದಿನಾ, "ಉಪ್ಪ ಸರಿ ಐತೇನ ಅಣ್ಣಾ?" ಎಂದು ಕೇಳುತ್ತಿದ್ದವಳು ಕೇಳುವುದನ್ನು ಬಿಟ್ಟಳು. ಉಪ್ಪು ಸರಿಯಾಗಿಯೇ ಇರುತ್ತಿತ್ತು.

ಪಂಚಮಿಗೆ ಮೊಮ್ಮಗಳು ತವರಿಗೆ ಬಂದಳು. ಮೂವರೂ ಪಡಸಾಲೆಯಲ್ಲಿ ಕುಳಿತು ಉಂಡಿ ತಿನ್ನುತ್ತಿದ್ದೆವು. ಅವಳ ಗೆಳತಿಯೊಬ್ಬಳ ಮದುವೆಯಂತೆ. ಆಯಿಯ ಕೈಯಿಂದ ಅಂಥದ್ದೇ ಬಾಸಿಂಗ ಬೇಕೆಂದು ಕೇಳಿದ್ದಾಳಂತೆ. ಫೋನು ತೆಗೆದು ಮದುವೆಯ ಫೋಟೋ ಮುಂದೆ ಹಿಡಿದಳು. ತಂಗಿ, "ಈಗ ಕಣ್ಣ ಕಾಣವಲ್ದ ನನ ಕೂಸ" ಎಂದಳು. ಆ ಮಾತು ನನಗೆ ಸಹಿಸಲಾಗಲಿಲ್ಲ. ಆರು ತಿಂಗಳು ಎದೆಯಲ್ಲಿ ಕಲ್ಲು ಹೊತ್ತಿದ್ದೆ, ಅದನ್ನು ಇಳಿಸಿಬಿಡುವ ಆತುರ.

"ಅದು ಆಯಿ ಕಟ್ಟಿದ್ದಲ್ಲ" ಎಂದೆ. ಎಲ್ಲವನ್ನೂ ಹೇಳಿದೆ, ಅಳುತ್ತ ಹೇಳಿದೆ. ನನ್ನ ಜೀವಮಾನದಲ್ಲಿ ಒಂದು ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡೇ ಹೇಳಿದೆ.

ಮೊಮ್ಮಗಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆಯಿಯ ಕಡೆ ತಿರುಗಿದಳು. "ನಿನಗ ಗೊತ್ತಿತ್ತ? ನಾ ಬಂದ ಹೇಳಿದಾಗ ನೀ ಹೂಂ ಅಂದೆಲ್ಲ."

ತಂಗಿ ಉಂಡಿಯ ತಾಟನ್ನು ಅವಳ ಕಡೆ ಸರಿಸಿದಳು. ಹುಡುಗಿ ಕೈಯಲ್ಲಿದ್ದ ಉಂಡಿಯನ್ನು ತಾಟಿನಲ್ಲಿಟ್ಟು ಎದ್ದಳು. ನಾಲ್ಕು ದಿನ ಇರಲು ಬಂದವಳು ಅದೇ ಸಂಜೆ ಸದಾಶಿವನಗರಕ್ಕೆ ಹೊರಟಳು. ಹೋಗುವಾಗ ಆಯಿಯನ್ನು ಬಹಳ ಹೊತ್ತು ತಬ್ಬಿಕೊಂಡಳು. ನನಗೆ, ಬರ್ತೇನಜ್ಜಾ ಎಂದಳು, ಮುಖ ನೋಡದೆ.

ಅವಳು ಓಣಿಯ ತಿರುವು ದಾಟುವವರೆಗೂ ತಂಗಿ ಹೊಸ್ತಿಲಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಬಂದು ನನ್ನೆದುರು ಕುಳಿತಳು.

"ನೀ ಅವತ್ತ ಗದ್ದ್ಯಾಗ ಅಂದದ್ದ ನನಗ ಕೇಳಿಸಿತ್ತ. ನುಂಗಿದೆ. ಆಕಿ ಹಣೀ ಮ್ಯಾಲ ಪ್ಯಾಟೀದ ನೋಡಿದೆ, ಅದನ್ನೂ ನುಂಗಿದೆ. ಯಾಕ ಅಂತ ತಿಳದೀ? ಆಕೀ ಪಾಲಿಗೆ ಅದು ನನ್ನ ಬಾಸಿಂಗಾನ ಆಗಿತ್ತಲ್ಲೋ. ಲೋಕದಾಗ ಒಬ್ಬಾಕಿ ಪಾಲಿಗಾದ್ರೂ ನಾ ಕಟ್ಟಿದ್ದ ಮದುವ್ಯಾಗ ಏರಿತ್ತ. ನನಗ ಅದೊಂದ ಉಳದಿತ್ತ. ಇವತ್ತ ನಿನ್ನ ಹೊಟ್ಟಿ ಹಗರ ಮಾಡ್ಕೊಳ್ಳಾಕ ಅದನ್ನೂ ಕಸಗೊಂಡಿ."

ಅವಳು ತಾಟುಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಬಚ್ಚಲಿಗೆ ನಡೆದಳು.

ಎರಡು ದಿನ ಬಿಟ್ಟು ವರನ ಅಜ್ಜಿ ಫೋನು ಮಾಡಿದರು. ಮೊಮ್ಮಗಳು ಹೇಳಿದ್ದಳು. ಕ್ಷಮಿಸಿ ಎಂದೆ. "ನಾವು ಉಡಿ ತುಂಬತಿದ್ವೋ ಇಲ್ಲೋ, ಅದು ನನಗೂ ಗೊತ್ತಿಲ್ರಿ" ಎಂದರು ಅವರು. "ಸುಳ್ಳ ಯಾಕ ಹೇಳಲಿ. ಆದ್ರ ನಮ್ಮನ್ನ ಕೇಳಬೇಕಿತ್ತ. ನೀವು ಕೇಳದನ ನಮ್ಮ ಉತ್ತರಾನೂ ನೀವ ಹೇಳ್ಕೊಂಡ ಬಿಟ್ರಿ."

ಈಗ ಮೊಮ್ಮಗಳು ಫೋನು ಮಾಡುವುದು ಆಯಿಗೆ. ಇಬ್ಬರೂ ಒಳಗಿನ ಕೋಣೆಯಿಂದ ಮಾತಾಡುವುದು, ಕೆಲವೊಮ್ಮೆ ನಗುವುದು ನನಗೆ ಕೇಳಿಸುತ್ತದೆ. ಮದುವೆಯ ಮಾತು ಮಾತ್ರ ಬರುವುದಿಲ್ಲ. ಬಂದರೆ ಇಬ್ಬರಲ್ಲಿ ಒಬ್ಬರು ಬೇರೆ ಮಾತು ತೆಗೆಯುತ್ತಾರೆ. ನಾಲ್ಕು ತಿಂಗಳು ಕೂಡಿ ಕುಳಿತು ಮಾಡಿದ ಅಷ್ಟೆಲ್ಲ ಕೆಲಸ, ಅಷ್ಟೆಲ್ಲ ಹೂವು, ಅದರ ನೆನಪನ್ನೇ ಅವರಿಬ್ಬರೂ ಮುಟ್ಟದಂತೆ ಮಾಡಿದವನು ನಾನು.

ಇದನ್ನು ಬರೆಯಲು ಕೂರುವ ಮೊದಲು, ಈ ಸಲ, ಅವಳನ್ನು ಕೇಳಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಬರೆಯಲೇ ಎಂದೆ. ಅವಳು ಹಿಟ್ಟು ನಾದುತ್ತಿದ್ದಳು.

"ಬರೀ. ಹೆಸರ ಮಾತ್ರ ಹಾಕಬ್ಯಾಡ."

"ಯಾಕ?"

"ಹೇಳೂ ಹೊತ್ತಿನ್ಯಾಗ ಹೇಳಲಿಲ್ಲ. ಈಗ ಯಾತಕ್ಕ."

ಅದಕ್ಕೇ ಇಲ್ಲಿ ಅವಳ ಹೆಸರಿಲ್ಲ.